ಮನೆಯಲ್ಲಿ ಕಲಿಯುತ್ತಿದ್ದ ಹುಡುಗಿಯೊಬ್ಬಳನ್ನು ಶಾಲೆಗೆ ಸೇರಿಸಿದ ಬಗ್ಗೆ

ಜಿಲ್ಲೆಯ ಮಕ್ಕಳ ವಿದ್ಯಾಭ್ಯಾಸದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಮೂರು ವರ್ಷದ ಹಿಂದೆ ನಿಮ್ಮ ಆದೇಶದಂತೆ ನಾನು ಹರಿಹರದ ಒಂದು ಮನೆಯಿಂದ ಹನ್ನೊಂದು ವರ್ಷದ ಹುಡುಗಿಯನ್ನು ಕರೆತಂದು ಶಾಲೆಗೆ ಸೇರಿಸಿದೆ. ಆಗ ಅವಳು ಕಲಿಯುತ್ತಿದ್ದಳು, ಈಗ ಕಲಿಯುತ್ತಿಲ್ಲ. ನನ್ನ ದೂರು ಇಷ್ಟೇ. ಇದನ್ನು ನಿಮ್ಮ ಕಚೇರಿಗೆ ನೇರವಾಗಿಯೇ ಕೊಡಬಹುದಿತ್ತು, ಎರಡು ಸಲ ಕೊಟ್ಟೂ ಆಯಿತು. ಮೊದಲನೆಯ ಸಲ ‘ಸೂಕ್ತ ಮಾರ್ಗದ ಮೂಲಕ ಸಲ್ಲಿಸಿ’ ಎಂದು ವಾಪಸ್ ಬಂತು. ಎರಡನೆಯ ಸಲ ಸೂಕ್ತ ಮಾರ್ಗದಲ್ಲೇ ಹೋದ ಅರ್ಜಿ ಆ ಮಾರ್ಗದಲ್ಲಿ ಎಲ್ಲಿ ಕುಳಿತುಬಿಟ್ಟಿತೋ ಗೊತ್ತಾಗಲಿಲ್ಲ. ಆದ್ದರಿಂದ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮನೆ ದಾವಣಗೆರೆಯ ವಿದ್ಯಾನಗರದಲ್ಲಿ, ಕೆಲಸ ಹರಿಹರದಲ್ಲಿ. ಹತ್ತೊಂಬತ್ತು ವರ್ಷದಿಂದ ಅದೇ ಬಸ್ಸು, ಅದೇ ದಾರಿ. ಶಾಲೆಯನ್ನು ಹಳಿಯಲು ಕೂತವನೆಂದು ದಯವಿಟ್ಟು ತಿಳಿಯಬೇಡಿ. ನನ್ನ ಹುಟ್ಟೂರು ಲೋಕಿಕೆರೆಯಲ್ಲಿ ಅವ್ವ ಓಬವ್ವ ಹೆಬ್ಬೆಟ್ಟು ಒತ್ತಿಯೇ ಬದುಕು ಕಳೆದವಳು. ಅಲ್ಲಿ ಸರ್ಕಾರಿ ಶಾಲೆ ಇರದಿದ್ದರೆ ಈ ಪತ್ರ ಬರೆಯುವ ಅಕ್ಷರವೇ ನನಗೆ ಸಿಗುತ್ತಿರಲಿಲ್ಲ. ಎಷ್ಟೋ ಹೆಣ್ಣುಮಕ್ಕಳ ಮದುವೆ ಎರಡು ಮೂರು ವರ್ಷ ಮುಂದಕ್ಕೆ ಹೋದದ್ದು ನಮ್ಮ ಹಾಜರಿ ಪುಸ್ತಕದಲ್ಲಿ ಅವರ ಹೆಸರಿತ್ತೆಂಬ ಒಂದೇ ಕಾರಣಕ್ಕೆ ಎಂಬುದನ್ನೂ ಕಣ್ಣಾರೆ ಕಂಡಿದ್ದೇನೆ. ‘ಮಗು ಮನೆಯಲ್ಲೇ ಕಲಿಯುತ್ತೆ’ ಎಂದು ಹೇಳಿ ಪಾತ್ರೆ ತಿಕ್ಕಲು ಕೂರಿಸಿದ ಮನೆಗಳೂ ನನಗೆ ಗೊತ್ತು. ಹಾಗಾಗಿ ಅಂಥ ಮಾತು ಕೇಳಿದರೆ ಮೊದಲು ಸಂಶಯಪಡುವವನು ನಾನೇ.

ಆ ಸಂಶಯ ಇಟ್ಟುಕೊಂಡೇ ಮೂರು ವರ್ಷದ ಹಿಂದಿನ ಜೂನ್ ತಿಂಗಳಲ್ಲಿ ಹಯಾತ್ ಸಾಬ್ ಅವರ ಮನೆಗೆ ಹೋದೆ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆ ನಡೆಯುತ್ತಿತ್ತು. ಹಯಾತ್ ಸಾಬ್ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವವರು. ಮುಂದೆ ಅಂಗಡಿ, ಹಿಂದೆ ಮನೆ. ನಾನು ಹೋದಾಗ ಲೋಕಿಕೆರೆಯ ಸಣ್ಣಬೀರಪ್ಪ ಎಂಬ ರೈತ ಪಂಪ್‌ಸೆಟ್ಟಿನ ಮೋಟಾರು ತಂದು ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ. ಮೋಟಾರಿನ ಮುಚ್ಚಳ ತೆಗೆದಿತ್ತು. ಅದರ ಮುಂದೆ ಎರಡು ಜಡೆಯ ಹುಡುಗಿಯೊಬ್ಬಳು ಮಂಡಿಯೂರಿ ಒಳಗೆ ಇಣುಕುತ್ತಿದ್ದಳು.

“ಕಾಕಾ, ಮೂರು ಫೇಸ್ ಕರೆಂಟ್‌ನಾಗೆ ಒಂದ್ ಫೇಸ್ ಹೋದ ಮ್ಯಾಲೂ ಓಡ್ಸಿದ್ರೇನ್ರಿ?” ಎಂದಳು.

ಸಣ್ಣಬೀರಪ್ಪ ನಕ್ಕುಬಿಟ್ಟ. “ಹೌದವ್ವಾ, ನೀರು ಬಿಟ್ಟಿದ್ದೆ. ನೋಡ್ಲಿಲ್ಲ. ನಿಂಗೆ ಹೆಂಗೆ ಗೊತ್ತಾತು?”

“ಇಲ್ಲಿ ನೋಡ್ರಿ. ಇಷ್ಟು ಕರ್ರಗಾಗೈತೆ, ಪಕ್ಕದ್ದು ಕೆಂಪಗೇ ಐತೆ. ಎಲ್ಲಾ ಒಂದೇ ಥರ ಸುಟ್ಟಿದ್ರೆ ಅದು ಬ್ಯಾರೆ ಕಾರಣ.”

ಅವಳೇ ಸಿಮ್ರಾನ್, ಹಯಾತ್ ಸಾಬರ ಮೊಮ್ಮಗಳು. ನಾನು ಮೇಷ್ಟ್ರೆಂದು ತಿಳಿದದ್ದೇ ತಡ, ನನ್ನ ಕಡೆ ತಿರುಗಿ, “ಸರ್, ತಂತಿ ಅಲ್ಲಾಡಂಗಿಲ್ಲ, ಕರೆಂಟ್ ಕಾಣಂಗಿಲ್ಲ. ಮತ್ತೆ ನಡುವಿನ ರಾಡು ಯಾಕ ತಿರುಗ್ತೈತೆ?” ಎಂದು ಕೇಳಿದಳು. ನಾನು ಬಿ.ಎಡ್. ಮಾಡಿದವನು, ಕಾಂತಶಕ್ತಿಯ ಬಗ್ಗೆ ಎರಡು ವಾಕ್ಯ ಹೇಳಿದೆ. “ಅದು ಹೆಸರಾತು ಸರ್. ಯಾಕ ಅಂತ ಕೇಳಿದ್ದು,” ಎಂದಳು. ಮಾನ್ಯರೇ, ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಇಂಥ ಪ್ರಶ್ನೆ ನನ್ನನ್ನು ಎಷ್ಟು ಜನ ಕೇಳಿದ್ದಾರೆ ಎಂದು ಲೆಕ್ಕ ಹಾಕಲು ಒಂದು ಕೈಯ ಬೆರಳು ಸಾಕು.

ಅವಳ ತಾಯಿ ನುಜತ್ ಚಹಾ ತಂದುಕೊಟ್ಟು ವಿಷಯ ತಿಳಿಸಿದರು. ಸಿಮ್ರಾನ್ ಮೂರನೇ ತರಗತಿಯವರೆಗೆ ಶಾಲೆಗೆ ಹೋದವಳು. ಬೋರ್ಡಿನ ಮೇಲಿನ ಅಕ್ಷರ ಅವಳ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ನೋಡಿ ಬರೆಯಹೋದರೆ ಹಿಂದುಮುಂದಾಗುತ್ತಿತ್ತು. ಅದಕ್ಕೆ ಬೈಗುಳ, ಹಿಂದಿನ ಸಾಲು, ಬೆಂಚಿನ ಮೇಲೆ ನಿಲ್ಲುವುದು. ದಿನಾ ಬೆಳಿಗ್ಗೆ ಶಾಲೆಯ ಹೊತ್ತಿಗೆ ವಾಂತಿ. ಡಾಕ್ಟರು ಹೊಟ್ಟೆಯಲ್ಲಿ ಏನೂ ಇಲ್ಲ ಎಂದರು. ನುಜತ್ ಶಾಲೆ ಬಿಡಿಸಿದರು. ಬೆಳಿಗ್ಗೆ ಅಜ್ಜನ ಹತ್ತಿರ ಕೂರುತ್ತಿದ್ದಳು, ಮಧ್ಯಾಹ್ನ ತಾಯಿ ಪಾಠ ಓದಿ ಹೇಳುತ್ತಿದ್ದರು. ಮಗಳು ಬಾಯಲ್ಲಿ ಉತ್ತರ ಹೇಳಿದರೆ ತಾಯಿ ಬರೆದುಕೊಳ್ಳುತ್ತಿದ್ದರು. ದೊಡ್ಡ ಅಕ್ಷರವಾದರೆ ಬೆರಳಿಟ್ಟು ನಿಧಾನಕ್ಕೆ ತಾನೇ ಓದುತ್ತಿದ್ದಳು. ಗುಣಾಕಾರ, ಭಿನ್ನರಾಶಿ ಎಲ್ಲ ತಂತಿಯ ಸುತ್ತು ಎಣಿಸುತ್ತ ಬಂದಿತ್ತು. ನಾನು ಐದನೇ ತರಗತಿಯ ಲೆಕ್ಕ ಕೊಟ್ಟೆ, ಬಾಯಲ್ಲೇ ಮಾಡಿದಳು. ಏಳನೆಯದನ್ನು ಕೊಟ್ಟೆ, ಸ್ವಲ್ಪ ಹೊತ್ತು ಸೂರು ನೋಡಿ ಅದನ್ನೂ ಮಾಡಿದಳು.

“ನಾನೂ ಗೌರ್ಮೆಂಟ್ ಸ್ಕೂಲ್‌ನಾಗೇ ಎಸ್ಸೆಲ್ಸಿ ಮಾಡಿದೋಳು ಸರ್,” ಎಂದರು ನುಜತ್. “ಸ್ಕೂಲ್ ಮ್ಯಾಲೆ ನಂಗೇನೂ ಸಿಟ್ಟಿಲ್ಲ. ಆದ್ರೆ ಈಗೆರಡು ವರ್ಷದಿಂದ ಇವ್ಳು ನಗ್ತಾಳೆ. ಅದನ್ನ ಹೆಂಗೆ ಬಿಡ್ಲಿ ಹೇಳ್ರಿ?”

ನಿಮ್ಮ ನಮೂನೆಯಲ್ಲಿ ಮಗು ಶಾಲೆಯಿಂದ ಹೊರಗುಳಿಯಲು ಹನ್ನೊಂದು ಕಾರಣಗಳಿದ್ದವು. ವಲಸೆ, ಕಾಯಿಲೆ, ಬಾಲ್ಯವಿವಾಹ, ದುಡಿಮೆ, ಮರಣ. ಸತ್ತ ಮಗುವಿಗೂ ಒಂದು ಅಂಕಣ ಕಾದಿರಿಸಿದ ಇಲಾಖೆಗೆ ಮನೆಯಲ್ಲಿ ಕಲಿಯುತ್ತಿರುವ ಮಗು ಇರಬಹುದೆಂದು ಹೊಳೆಯಲೇ ಇಲ್ಲವೇ? ನಾನು ‘ಇತರೆ’ ಎಂಬಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಸಣ್ಣಗೆ ‘ಮನೆಯಲ್ಲಿ ಚೆನ್ನಾಗಿ ಕಲಿಯುತ್ತಿದೆ’ ಎಂದು ಬರೆದೆ. ಇಡೀ ಪ್ರಕರಣದಲ್ಲಿ ನಾನು ಬರೆದ ನಿಜವಾದ ವಾಕ್ಯ ಅದೊಂದೇ.

ಮುಂದಿನ ಪರಿಶೀಲನಾ ಸಭೆ ನಿಮಗೆ ನೆನಪಿರಲಾರದು. ನಿಮಗೆ ಸೊನ್ನೆ ಬೇಕಾಗಿತ್ತು. ತಿಂಗಳ ಕೊನೆಗೆ ಜಿಲ್ಲೆಯಲ್ಲಿ ಶಾಲೆಯಿಂದ ಹೊರಗುಳಿದ ಮಕ್ಕಳ ಸಂಖ್ಯೆ ಸೊನ್ನೆ ಎಂದು ಮೇಲಕ್ಕೆ ವರದಿ ಹೋಗಬೇಕಿತ್ತು. ನನ್ನ ವಾರ್ಡಿನಲ್ಲಿ ಒಂದು ಉಳಿದಿತ್ತು. ಯಾಕೆ ಎಂದು ಕೇಳಿದಿರಿ. ಮಗು ಮನೆಯಲ್ಲಿ ಕಲಿಯುತ್ತಿದೆ ಎಂದೆ.

“ಮಕ್ಕಳು ಮನೆಯಲ್ಲೇ ಕಲಿಯೋದಾದರೆ ನಿಮಗೆ ಸಂಬಳ ಯಾಕ್ರೀ?” ಎಂದಿರಿ.

ಸಭೆಯೆಲ್ಲ ನಕ್ಕಿತು. ನಾಚಿಕೆಯ ವಿಷಯವೆಂದರೆ ನಾನೂ ನಕ್ಕೆ.

ವಾರದೊಳಗೆ ಜೀಪು ಬಂತು. ನಿಮ್ಮ ಕಚೇರಿಯವರು ಇಬ್ಬರು, ಕಾರ್ಮಿಕ ಇಲಾಖೆಯ ಅಧಿಕಾರಿ ಒಬ್ಬರು, ದಾರಿ ತೋರಿಸಲು ನಾನು. ಹಯಾತ್ ಸಾಬರು ಎಂದಿನಂತೆ “ಬರ್ರಿ ಸಾಹೇಬ್ರೆ, ಕೂಡ್ರಿ” ಎನ್ನುತ್ತ ಎದ್ದು ನಿಂತು, ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡರು. ಯಾರೂ ಕೂರಲಿಲ್ಲ. ಹುಡುಗಿ ಅಂಗಡಿಯಲ್ಲಿದ್ದಾಳೆ, ಕೈಯಲ್ಲಿ ತಂತಿ ಇದೆ, ಇದು ಬಾಲಕಾರ್ಮಿಕ ಪದ್ಧತಿ, ಕೇಸು ಹಾಕಿದರೆ ಜೈಲು ಎಂದು ತಿಳಿಸಲಾಯಿತು. ಅರವತ್ತೆಂಟು ವರ್ಷದ ಆ ಮನುಷ್ಯ ಒಮ್ಮೆಯೂ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದವರಲ್ಲ. ನನ್ನ ಮುಖ ನೋಡಿದರು. “ಸರ್, ನೀವು ನೋಡೀರಲ್ಲ. ನೀವಾರ ಹೇಳ್ರಿ,” ಎಂದರು.

ಅಜ್ಜನ ಪಕ್ಕ ಕೂತು ಕಲಿಯುವುದು ಎಲ್ಲಿ ಮುಗಿದು ದುಡಿಮೆ ಎಲ್ಲಿ ಶುರುವಾಗುತ್ತದೆ ಎಂಬುದು ಸುಲಭದ ಪ್ರಶ್ನೆಯಲ್ಲ, ಒಪ್ಪುತ್ತೇನೆ. ಆದರೆ ಅಂದು ಆ ಪ್ರಶ್ನೆಯನ್ನು ಯಾರೂ ಕೇಳಲೇ ಇಲ್ಲ. ನಾನು ಹೇಳಬೇಕಾದ್ದನ್ನು ಹೇಳಲಿಲ್ಲ. ಅದರ ಬದಲು ನುಜತ್ ಅವರ ಕಡೆ ತಿರುಗಿ, “ನನ್ನ ಕ್ಲಾಸಿಗೇ ಹಾಕ್ಕೊಳ್ತೀನಮ್ಮ, ನಾನಿದೀನಲ್ಲ,” ಎಂದೆ. ಆಕೆ ನಂಬಿದರು. ವಯಸ್ಸಿಗೆ ತಕ್ಕ ತರಗತಿ ಎಂಬ ನಿಯಮದಂತೆ ಸಿಮ್ರಾನ್ ಆರನೇ ತರಗತಿಗೆ ಸೇರಿದಳು. ಜಿಲ್ಲೆ ಸೊನ್ನೆಯಾಯಿತು. ‘ಇಲ್ಲಿ ಬಾಲಕಾರ್ಮಿಕರು ಇಲ್ಲ’ ಎಂಬ ಫಲಕವನ್ನು ಅಂಗಡಿಗೆ ಹಾಕಿಸಲಾಯಿತು. ಹಯಾತ್ ಸಾಬರು ಹೆದರಿ ಅಂಗಡಿಗೂ ಮನೆಗೂ ನಡುವೆ ಒಂದು ಪರದೆ ಕಟ್ಟಿದರು. ಸಂಜೆ ಶಾಲೆಯಿಂದ ಬಂದ ಮೊಮ್ಮಗಳು ಪರದೆ ಸರಿಸಿದರೆ, “ಬ್ಯಾಡ ಬೇಟಿ, ಒಳಗ್ ಹೋಗು, ಯಾರಾರ ನೋಡಿದ್ರೆ ಕೇಸ್ ಹಾಕ್ತಾರೆ,” ಎನ್ನುತ್ತಿದ್ದರು.

ಮೊದಲ ತಿಂಗಳು ನಾನು ಪ್ರಯತ್ನಪಟ್ಟೆ. ನನ್ನ ಕೊಠಡಿಯಲ್ಲಿ ಆರು, ಏಳು ಎರಡೂ ತರಗತಿ ಸೇರಿ ಐವತ್ತೆರಡು ಮಕ್ಕಳು. ಅವಳನ್ನು ಮುಂದೆ ಕೂರಿಸಿದೆ, ಬೋರ್ಡು ನೋಡಿ ಬರೆಯಬೇಕಿಲ್ಲ ಎಂದೆ. ಪ್ರಶ್ನೆ ಕೇಳಿದಳು, ನಾಲ್ಕೈದಕ್ಕೆ ಉತ್ತರಿಸಿದೆ. ಆಮೇಲೆ ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಯಾವುದೋ ತರಬೇತಿ, ಮತ್ತೊಂದು ಸಮೀಕ್ಷೆ. ‘ಆಮೇಲೆ ಹೇಳ್ತೀನಿ ಕೂತ್ಕೋ’ ಎನ್ನುವುದು ಅಭ್ಯಾಸವಾಯಿತು. ಅವಳು ಕೂತುಕೊಂಡಳು.

ನವೆಂಬರಿನಲ್ಲಿ ತಾವು ಶಾಲೆಗೆ ಭೇಟಿ ಕೊಟ್ಟಿರಿ. ಮುಂದಿನ ಸಾಲಿನಲ್ಲಿದ್ದ ಹುಡುಗಿಗೆ ಕನ್ನಡ ಪಾಠ ಗಟ್ಟಿಯಾಗಿ ಓದಲು ಹೇಳಿದಿರಿ. ಅವಳು ಎದ್ದು ನಿಂತು ಬೆರಳಿಟ್ಟಳು. ಬೆರಳು ಎತ್ತಿ ಓದು ಎಂದಿರಿ. ಮೂರು ಪದ ಓದಿದಳು, ಎರಡು ತಪ್ಪಿತು. ಹಿಂದೆ ಮಕ್ಕಳು ಕಿಸಕ್ಕೆಂದರು. ನೀವು ಅವಳಿಗೆ ಏನೂ ಅನ್ನಲಿಲ್ಲ, ಅದು ನಿಜ. ನನ್ನ ಕಡೆ ತಿರುಗಿ “ಆರನೇ ತರಗತಿ! ಇದೇನ್ರೀ ನಿಮ್ಮ ಸಾಧನೆ?” ಎಂದಿರಿ.

ನಾನು ಏನೆಂದೆ ಗೊತ್ತೇ? “ಹೊಸದಾಗಿ ಸೇರಿದ ಮಗು ಸರ್. ಸ್ವಲ್ಪ ಮಂದ.”

ಅವಳು ಪುಸ್ತಕದಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆನೋ ಏನೋ. ಅಳಲಿಲ್ಲ. ನೀವು ಹೇಳುವ ಮೊದಲೇ ಕೂತಳು. ಏಳನೇ ತರಗತಿಯ ಲೆಕ್ಕವನ್ನು ಸೂರು ನೋಡುತ್ತ ಮಾಡಿದವಳನ್ನು ನನ್ನ ನೌಕರಿಯ ಹೆದರಿಕೆಗೆ ಐವತ್ತೊಂದು ಮಕ್ಕಳ ಮುಂದೆ ಮಂದ ಎಂದು ಕರೆದೆ. ಅದಾದ ಮೇಲೆ ಅವಳು ಪಾಠದ ಬಗ್ಗೆ ನನ್ನನ್ನು ಒಂದೂ ಪ್ರಶ್ನೆ ಕೇಳಲಿಲ್ಲ. ಹಾಜರಿ ಮಾತ್ರ ಸಂಪೂರ್ಣ. ಒಂದು ದಿನವೂ ತಪ್ಪಿಸಲಿಲ್ಲ, ತಪ್ಪಿಸಿದರೆ ಅಜ್ಜನ ಮೇಲೆ ಕೇಸಾಗುತ್ತದೆ ಎಂದು ತಿಳಿದಿದ್ದಳು. ಬೆಳಗಿನ ವಾಂತಿ ಮತ್ತೆ ಶುರುವಾಗಿದೆ ಎಂದು ನುಜತ್ ಹೇಳಿಕಳಿಸಿದ್ದರು. ನಾನು ನೆಲ್ಲಿಕಾಯಿ ಪುಡಿ ಕೊಡಲು ಹೇಳಿಕಳಿಸಿದೆ.

ಈ ನಡುವೆ ಜನವರಿಯಲ್ಲಿ ನಮ್ಮ ವಿದ್ಯಾನಗರದ ಸಭಾಂಗಣವೊಂದರಲ್ಲಿ ಮಕ್ಕಳ ಕಲಿಕಾ ಮೇಳವಾಯಿತು. ಕುರ್ಚಿ ಹಾಕಿಸಲು ನನ್ನನ್ನೂ ನೇಮಿಸಿದ್ದರು. ಎಸ್.ಎಸ್. ಬಡಾವಣೆಯ ಇಂಜಿನಿಯರ್ ದಂಪತಿಯ ಮಗಳು ಸ್ವಾತಿ ತಾನೇ ಮಾಡಿದ ಪುಟ್ಟ ಗಾಳಿಯಂತ್ರವನ್ನು ತೋರಿಸಿದಳು. ಮುದ್ದಾದ, ಚುರುಕಾದ ಮಗು. ಅವಳ ಬಗ್ಗೆ ನನ್ನದೇನೂ ತಕರಾರಿಲ್ಲ, ದೇವರು ಅವಳನ್ನು ಹಾಗೇ ಇಟ್ಟಿರಲಿ. ಅವಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಕಲಿಯುತ್ತಾಳೆ ಎಂದು ತಾಯಿ ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳಿದರು. ಮುಖ್ಯ ಅತಿಥಿಗಳಾಗಿದ್ದ ತಾವು, “ಮಗು ತನ್ನ ಆಸಕ್ತಿಯ ದಾರಿಯಲ್ಲಿ, ತನ್ನ ವೇಗದಲ್ಲಿ ಕಲಿಯುವುದೇ ನಿಜವಾದ ಶಿಕ್ಷಣ” ಎಂದಿರಿ. ಚಪ್ಪಾಳೆ ಬಿತ್ತು. ನಾನು ಕೊನೆಯ ಸಾಲಿನಲ್ಲಿ ನಿಂತು ಕೇಳಿಸಿಕೊಂಡೆ.

ಮಾನ್ಯರೇ, ಸ್ವಾತಿಯ ಮನೆಗೆ ಜೀಪು ಯಾಕೆ ಹೋಗಲಿಲ್ಲ? ಆ ಬಡಾವಣೆಯ ಸಮೀಕ್ಷೆಯೂ ಸೊನ್ನೆ ಎಂದೇ ಬಂದಿತ್ತು. ಅವಳನ್ನು ಯಾವ ಅಂಕಣದಲ್ಲಿ ಬಚ್ಚಿಟ್ಟಿರಿ? ಅಪ್ಪ ಇಂಜಿನಿಯರಾದರೆ ಅದು ಸ್ವಯಂಕಲಿಕೆ, ಅಜ್ಜ ಮೋಟಾರು ರಿಪೇರಿಯವನಾದರೆ ಅದು ಅಪರಾಧವೇ? ಒಂದು ಮನೆಯ ಮೇಜಿನ ಮೇಲೆ ಯಂತ್ರ ತಿರುಗಿದರೆ ವಿಜ್ಞಾನ, ಇನ್ನೊಂದು ಮನೆಯ ನೆಲದ ಮೇಲೆ ತಿರುಗಿದರೆ ಕೇಸು. ಈ ವ್ಯತ್ಯಾಸ ಯಾವ ಸುತ್ತೋಲೆಯಲ್ಲಿದೆ, ಅದರ ಸಂಖ್ಯೆ ಮತ್ತು ದಿನಾಂಕ ತಿಳಿಸಿದರೆ ಉಪಕಾರವಾಗುತ್ತದೆ. ಕಾನೂನು ಶಿಕ್ಷಣವನ್ನು ಮಗುವಿನ ಹಕ್ಕು ಎನ್ನುತ್ತದೆ. ಹಕ್ಕುಳ್ಳವಳನ್ನು ಆರೋಪಿಯಂತೆ ಕರೆತಂದು ಕೂರಿಸಿದ್ದು ನಾವು. ಕೂರಿಸಿದ ಮೇಲಾದರೂ ಏನಾದರೂ ಕೊಟ್ಟೆವೇ?

ಮಾರ್ಚಿನ ಪರೀಕ್ಷೆಯಲ್ಲಿ ಸಿಮ್ರಾನ್ ತನ್ನ ಹೆಸರು ಬರೆದು ಕೂತಳು. ಆರೂ ವಿಷಯಕ್ಕೂ ಅಷ್ಟೇ. ಲೆಕ್ಕದ ಪತ್ರಿಕೆಯೂ ಖಾಲಿ. ನಾನು ಬಗ್ಗಿ, “ಬಾಯಲ್ಲಿ ಹೇಳಮ್ಮ, ನಾನು ಬರ್ಕೊಳ್ತೀನಿ,” ಎಂದೆ. “ಬ್ಯಾಡ ಸರ್,” ಎಂದಳು. ಯಾವ ಮಗುವಿನ ಫಲಿತಾಂಶವೂ ಕೆಳಗಿಳಿಯಬಾರದು, ಹೊಸದಾಗಿ ದಾಖಲಾದ ಮಕ್ಕಳ ವಿಷಯದಲ್ಲಂತೂ ಕಡ್ಡಾಯ ಎಂದು ನಿಮ್ಮ ಕಚೇರಿಯಿಂದ ಫೋನು ಬಂದಿತ್ತು. ಕಾಗದದಲ್ಲಿಲ್ಲ, ಫೋನಿನಲ್ಲಿ. ನಾನು ಕೂತು ಕನ್ನಡಕ್ಕೆ ನಲವತ್ತೆರಡು, ಗಣಿತಕ್ಕೆ ಐವತ್ತೊಂದು ಎಂದು ಹೀಗೆ ಆರು ಸಂಖ್ಯೆಗಳನ್ನು ನನ್ನ ತಲೆಯಿಂದಲೇ ತೆಗೆದು ತುಂಬಿದೆ. ದರ್ಜೆ ‘ಬಿ’.

ಏಪ್ರಿಲ್ ಹತ್ತರಂದು ಅಂಕಪಟ್ಟಿ ಕೊಟ್ಟೆ. ಅವಳು ಅದನ್ನು ಹಿಡಿದು ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಎಲ್ಲ ಮಕ್ಕಳೂ ಹೋಗುವವರೆಗೆ ಕಾದು ನನ್ನ ಮೇಜಿನ ಹತ್ತಿರ ಬಂದಳು. ನವೆಂಬರಿನ ನಂತರ ಮೊದಲ ಸಲ ತಾನಾಗಿ ಮಾತಾಡಿದಳು.

“ಸರ್, ನಾನು ಏನೂ ಬರೀಲಿಲ್ಲಲ್ರಿ. ಇವು ಯಾರ ಮಾರ್ಕ್ಸು?”

“ನಿಂದೇನಮ್ಮ.”

“ನಂದಲ್ಲ ಸರ್,” ಎಂದಳು. ಪಟ್ಟಿಯನ್ನು ಮೇಜಿನ ಮೇಲಿಟ್ಟು ಹೋದಳು.

ಮಾನ್ಯರೇ, ಮನೆಯಲ್ಲಿದ್ದಷ್ಟು ದಿನ ಆ ಹುಡುಗಿಗೆ ಯಾರೂ ಸುಳ್ಳು ಹೇಳಿರಲಿಲ್ಲ. ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಗೊತ್ತಿಲ್ಲ. ಮೊದಲ ಸುಳ್ಳು ಶಾಲೆಯಲ್ಲಿ, ಮೇಷ್ಟ್ರ ಕೈಯಿಂದ, ಸರ್ಕಾರದ ಮೊಹರಿನೊಂದಿಗೆ ಸಿಕ್ಕಿತು. ಏಳನೇ ತರಗತಿಯೂ ಹಾಗೇ ಮುಗಿಯಿತು. ಆ ವರ್ಷವೂ ನಾನೇ ಅಂಕ ತುಂಬಿದೆ, ಅವಳು ಏನೂ ಕೇಳಲಿಲ್ಲ. ಆ ವರ್ಷದ ಆಗಸ್ಟಿನ ಒಂದು ಸಮಾರಂಭದಲ್ಲಿ ಮುಖ್ಯವಾಹಿನಿಗೆ ಬಂದ ಮಕ್ಕಳೆಂದು ಹತ್ತು ಜನಕ್ಕೆ ಚೀಲ ಕೊಟ್ಟು ಫೋಟೋ ತೆಗೆಸಿದಿರಿ. ಎಡಗಡೆಯಿಂದ ನಾಲ್ಕನೆಯವಳು ಸಿಮ್ರಾನ್.

ಈ ವರ್ಷ ಪ್ರೌಢಶಾಲೆಗೆ ಸೇರಿದಳು. ಹದಿನಾಲ್ಕು ತುಂಬಿದ ಮರುದಿನದಿಂದ ಹೋಗಲಿಲ್ಲ. ಅವಳು ವಯಸ್ಸು ಎಣಿಸುತ್ತಿದ್ದಳಂತೆ, ನುಜತ್‌ಗೂ ಗೊತ್ತಿರಲಿಲ್ಲ. ನಾನು ಗಾಬರಿಯಾಗಿ ನಿಮ್ಮ ಕಚೇರಿಗೆ ಫೋನು ಮಾಡಿದೆ. “ಹದಿನಾಲ್ಕು ತುಂಬ್ತಲ್ಲ ಸರ್, ಇನ್ನು ನಮ್ಮ ಪಟ್ಟಿಗೆ ಬರಲ್ಲ,” ಎಂದರು. ಜೀಪು ಹೊರಡಲಿಲ್ಲ.

ಪರದೆ ತೆಗೆಯಿರಿ, ಅಜ್ಜನ ಹತ್ತಿರವಾದರೂ ಕೂರಲಿ ಎಂದು ಹೇಳಲು ಹಯಾತ್ ಸಾಬರಲ್ಲಿಗೆ ಹೋದೆ. “ಪರದೆ ಯಾವಾಗಲೋ ತೆಗ್ದೀನ್ರಿ,” ಎಂದರು. “ಕರೀತೀನಿ, ಬರಂಗಿಲ್ಲ. ‘ನಂಗೆ ತಿಳಿಯಂಗಿಲ್ಲ ದಾದಾ, ನಾನ್ ಮಂದ’ ಅಂತಾಳೆ. ಈ ಮಾತು ಯಾರು ಕಲ್ಸಿದ್ರೋ, ನಮ್ಮನ್ಯಾಗೆ ಅಂತೂ ಯಾರೂ ಆಡಿಲ್ಲ.”

ನಾನು ಕಲಿಸಿದ್ದು ಎಂದು ಹೇಳಿದೆ. ಅವರು ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಂಡರು. ಆಮೇಲೆ, “ಬಿಡ್ರಿ ಸರ್, ನೀವೂ ನೌಕ್ರಿ ಮಾಡ್ಬೇಕಲ್ಲ,” ಎಂದು ಚಹಾ ತರಿಸಿದರು. ಆ ಚಹಾ ಕುಡಿದು ಬಂದಿದ್ದೇನೆ. ಅದರ ಬದಲು ಕೆನ್ನೆಗೆ ಹೊಡೆದಿದ್ದರೆ ಈ ಪತ್ರ ಬರೆಯದೆ ಬದುಕುತ್ತಿದ್ದೆ.

ಸಿಮ್ರಾನ್ ಈಗ ಮಂಡಕ್ಕಿ ಪ್ಯಾಕ್ ಮಾಡುವ ಒಂದು ಶೆಡ್ಡಿನಲ್ಲಿ ಕೂರುತ್ತಾಳೆ. ಮನೆಯಲ್ಲಿ ಯಾರೂ ಕಳಿಸಿದ್ದಲ್ಲ, ಅಪ್ಪ ಖಲೀಲ್ ಬೇಡವೆಂದು ಜಗಳವಾಡಿದರೂ ಹೋಗುತ್ತಾಳೆ. ಹೋದ ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದೆ. ಹೆಂಗಸರ ಸಾಲಿನಲ್ಲಿ ಕೂತು ಪೊಟ್ಟಣ ತುಂಬಿ ಬಾಯಿ ಅಂಟಿಸುತ್ತಿದ್ದಳು. ಅಂಟಿಸುವ ಯಂತ್ರ ಕೆಟ್ಟು ಹೊಗೆಯಾಡಿತು. ಯಾರೋ ಮೇಸ್ತ್ರಿಯನ್ನು ಕೂಗಿದರು. ಅವಳು ಅದರ ಕಡೆ ತಿರುಗಿಯೂ ನೋಡಲಿಲ್ಲ, ಕೈಕಟ್ಟಿ ಕಾದಳು.

“ಯಾಕಮ್ಮ ಇಲ್ಲಿ?” ಎಂದೆ.

“ಇಲ್ಲಿ ಯಾರೂ ಓದು ಅನ್ನಂಗಿಲ್ರಿ ಸರ್,” ಎಂದಳು. ಸಿಟ್ಟಿನಿಂದಲ್ಲ, ವಿಳಾಸ ಹೇಳುವಷ್ಟು ಸಹಜವಾಗಿ.

ನನ್ನಿಂದ ಏನಾದರೂ ಆಗಬೇಕೇ ಎಂದು ಕೇಳಿದೆ. ಪುಸ್ತಕ, ಟ್ಯೂಷನ್, ಖಾಸಗಿಯಾಗಿ ಪರೀಕ್ಷೆ, ಏನು ಕೇಳಿದರೂ ಮಾಡಿಸುವ ನಿಶ್ಚಯ ಮಾಡಿ ಹೋಗಿದ್ದೆ. ಸ್ವಲ್ಪ ಯೋಚಿಸಿ, “ಆ ಮಾರ್ಕ್ಸ್ ತೆಗೆಸ್ತೀರಾ ಸರ್? ಯಾರಾರ ಕೇಳಿದ್ರೆ ನಾನೇ ಸುಳ್ಳು ಹೇಳ್ದಂಗೆ ಆಗ್ತೈತೆ,” ಎಂದಳು.

ಮೂರು ವರ್ಷದಲ್ಲಿ ಅವಳು ನಮ್ಮ ಇಲಾಖೆಯನ್ನು ಕೇಳಿದ್ದು ಇದೊಂದೇ. ಕೊಟ್ಟ ಅಂಕವನ್ನು ತೆಗೆಯುವ ಅಧಿಕಾರ ನನಗಿಲ್ಲ, ನಿಮಗಿದೆ. ಹೊಸ ಸಮೀಕ್ಷೆಯ ನಮೂನೆಯಲ್ಲಿ ಮನೆಯಲ್ಲಿ ಕಲಿಯುವ ಮಕ್ಕಳಿಗೊಂದು ಅಂಕಣ ಇಡಿ, ಜೀಪಿಗೆ ಮೊದಲು ಹತ್ತು ನಿಮಿಷ ಕೂತು ಮಗುವಿನ ಜೊತೆ ಮಾತಾಡುವವರನ್ನು ಕಳಿಸಿ, ಎಸ್.ಎಸ್. ಬಡಾವಣೆಯ ಮನೆಗೆ ತೋರಿಸಿದ ಮರ್ಯಾದೆಯನ್ನು ಹರಿಹರದ ಅಂಗಡಿಗೂ ತೋರಿಸಿ ಎಂದೆಲ್ಲ ನಾನು ಒತ್ತಾಯಿಸುತ್ತೇನೆ. ಅದಕ್ಕೆ ಸಮಿತಿ ಬೇಕು, ಸಭೆ ಬೇಕು, ನೀವು ವರ್ಗವಾಗಿ ಹೋಗಿರುತ್ತೀರಿ. ಆದರೆ ಸಿಮ್ರಾನ್ ಕೇಳಿದ್ದಕ್ಕೆ ಒಂದು ಹಾಳೆ, ಒಂದು ಸಹಿ ಸಾಕು. ಎರಡು ವರ್ಷದ ಹನ್ನೆರಡು ಸಂಖ್ಯೆಗಳನ್ನು ಹೊಡೆದುಹಾಕಿ. ‘ಈ ಅಂಕಗಳು ವಿದ್ಯಾರ್ಥಿನಿ ಗಳಿಸಿದವಲ್ಲ, ಶಿಕ್ಷಕನು ಸುಳ್ಳಾಗಿ ತುಂಬಿದವು, ಅವಳ ತಪ್ಪೇನೂ ಇಲ್ಲ’ ಎಂದು ಲಿಖಿತವಾಗಿ ಆದೇಶಿಸಿ. ನನ್ನ ಮೇಲೆ ಯಾವ ಕ್ರಮ ಬೇಕಾದರೂ ಜರುಗಿಸಿ, ಇದೇ ಪತ್ರವನ್ನು ತಪ್ಪೊಪ್ಪಿಗೆಯೆಂದು ಇಟ್ಟುಕೊಳ್ಳಿ. ಆದೇಶದ ಪ್ರತಿಯನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿಸಿ. ಅವಳು ಅದನ್ನು ತಾನೇ ಓದಿಕೊಳ್ಳಬೇಕು.

ಇಂತಿ,
ಬಹಳ ವರ್ಷ ನಿಮ್ಮ ವಿಧೇಯನಾಗಿಯೇ ಇದ್ದುಬಿಟ್ಟ,
ಮಾಲತೇಶ್
ಸಹಶಿಕ್ಷಕ, ವಿದ್ಯಾನಗರ, ದಾವಣಗೆರೆ